ದಿಮ್ಮಿ ಕೊಯ್ಯುವ ಮುನ್ನ ಕ್ಯಾಲೆಂಡರ್ ನೋಡಿ: ಬೆಂಗಳೂರಿನ ಹವೆಯಲ್ಲಿ ಗಟ್ಟಿಮರ ಕೊಯ್ದು ಒಣಗಿಸುವ ಕ್ರಮ

ಹಲಗೆ ಹಾಳಾದರೆ ಮಳೆಗಾಲವನ್ನು ಬೈಯುವುದು ರೂಢಿ. ಬೆಂಗಳೂರಿನ ಮಟ್ಟಿಗೆ ಅದು ಅರ್ಧ ಸತ್ಯ. ಮಳೆಗಾಲದಲ್ಲಿ ಬೂಷ್ಟು ಬರುತ್ತದೆ, ತೊಗಟೆಯ ಕೆಳಗಿನ ಬಿಳಿಭಾಗ ನೀಲಿಗಟ್ಟುತ್ತದೆ, ಕುಟ್ಟೆ ಹತ್ತುತ್ತದೆ. ಇವನ್ನೆಲ್ಲ ತಡೆಯಬಹುದು. ಆದರೆ ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಮಧ್ಯಾಹ್ನದ ಗಾಳಿಯ ತೇವಾಂಶ ಶೇ. 30ರ ಆಸುಪಾಸಿಗೆ ಇಳಿಯುತ್ತದೆ. ಆಗ ತೆರೆದಿಟ್ಟ ಹಸಿ ಮತ್ತಿ ಹಲಗೆಯ ಮೈ ಎರಡೇ ದಿನದಲ್ಲಿ ಬಿರಿಯಬಹುದು, ಆ ಬಿರುಕನ್ನು ಮತ್ತೆ ಕೂಡಿಸುವ ದಾರಿಯಿಲ್ಲ. ಯಾವ ಮರವನ್ನು ಯಾವ ತಿಂಗಳಲ್ಲಿ ಕೊಯ್ಯಬೇಕು ಎನ್ನುವುದು ಗರಗಸದ ಹಲ್ಲಿನಷ್ಟೇ ಮುಖ್ಯವಾದ ವಿಷಯ. ದಿನಕ್ಕೆ ಹತ್ತಾರು ದಿಮ್ಮಿ ಕೊಯ್ಯುವ, ಒಂದು ಬ್ಯಾಂಡ್ ಸಾ (ಪಟ್ಟಿ ಗರಗಸ) ಮತ್ತು ಒಂದು ತಗಡಿನ ಶೆಡ್ ಇರುವ ಸಣ್ಣ ಮಿಲ್ಲನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಕ್ರಮ ಬರೆದಿದೆ.

ಕಾಗದಪತ್ರದ ಮಾತು ಮೊದಲೇ ಮುಗಿಸೋಣ. ಮರ ಸ್ವಂತ ಅಂಗಳದ್ದೇ ಆದರೂ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಅನುಮತಿ ಬೇಕು. ಸಿಲ್ವರ್ ಓಕ್, ನೀಲಗಿರಿ, ಸರ್ವೆಯಂಥ ಕೆಲವಕ್ಕೆ ವಿನಾಯಿತಿ ಇದೆ. ಮಿಲ್ಲಿಗೆ ಅರಣ್ಯ ಇಲಾಖೆಯ ಪರವಾನಗಿ ಇರಲೇಬೇಕು. ಅನುಮತಿ ಪತ್ರ ಅಥವಾ ಸಾಗಾಣಿಕೆ ರಹದಾರಿ ಇಲ್ಲದ ದಿಮ್ಮಿಯನ್ನು ಲಾರಿಯಿಂದ ಇಳಿಸಿಕೊಳ್ಳಬೇಡಿ.

ದಿಮ್ಮಿ ಬಂದ ದಿನ

ಮೊದಲ ಕೆಲಸ ತುದಿಗೆ ಬಳಿಯುವುದು. ಮರದೊಳಗಿನ ನೀರು ಹಲಗೆಯ ಮೈಯಿಂದ ಹೋಗುವುದಕ್ಕಿಂತ ಕೊಯ್ದ ತುದಿಯಿಂದ ಹತ್ತಾರು ಪಟ್ಟು ಬೇಗ ಹೋಗುತ್ತದೆ. ತುದಿ ಕುಗ್ಗುತ್ತದೆ, ಅದರ ಹಿಂದಿನ ಭಾಗ ಹಸಿಯಾಗಿಯೇ ಇರುತ್ತದೆ, ನಡುವೆ ಸೀಳು ಬೀಳುತ್ತದೆ. ಕಡಿದ ಒಂದೆರಡು ದಿನದೊಳಗೆ ಎರಡೂ ತುದಿಗೆ ಬಿಟುಮೆನ್ ಎಮಲ್ಷನ್ ಅಥವಾ ಮೇಣದ ಎಮಲ್ಷನ್ನನ್ನು ದಪ್ಪಗೆ ಎರಡು ಕೋಟ್ ಬಳಿಯಿರಿ. ಮೂಲೆಯಲ್ಲಿ ಉಳಿದ ಹಳೆಯ ಎನಾಮೆಲ್ ಪೇಂಟ್ ಆದರೂ ನಡೆಯುತ್ತದೆ, ಆದರೆ ಮೂರು ಕೋಟ್ ಬೇಕಾಗುತ್ತದೆ. ಸೀಳು ಕಂಡಮೇಲೆ ಬಳಿದರೆ ಪ್ರಯೋಜನ ಕಡಿಮೆ. ಅಂಥ ತುದಿಯನ್ನು ಸೀಳು ಮುಗಿಯುವವರೆಗೂ ತುಂಡು ಹೊಡೆದು, ಹೊಸ ಮೈಗೆ ಬಳಿಯಿರಿ. ಇದಕ್ಕಾಗಿಯೇ ದಿಮ್ಮಿ ಬೇಕಾದ ಅಳತೆಗಿಂತ 4ರಿಂದ 6 ಇಂಚು ಉದ್ದ ಇರಬೇಕು.

ಎರಡನೆಯದು ಕಬ್ಬಿಣದ ಹುಡುಕಾಟ. ಊರೊಳಗಿನ ಮರಗಳಲ್ಲಿ, ಅದರಲ್ಲೂ ರಸ್ತೆ ಬದಿಯ ಮಳೆಮರ, ಗುಲ್‌ಮೊಹರ್, ಹೊಂಗೆಗಳಲ್ಲಿ, ಬೋರ್ಡಿನ ಮೊಳೆ, ಪೋಸ್ಟರಿನ ಪಿನ್ನು, ಕೇಬಲ್ ತಂತಿ, ಗಿಡ ಕಾಯಲು ಹಾಕಿದ ಕಬ್ಬಿಣದ ಬಲೆ ಎಲ್ಲವೂ ಸೇರಿಕೊಂಡಿರುತ್ತವೆ. ಮರ ದಪ್ಪವಾಗುತ್ತ ಇವನ್ನು ನುಂಗಿಬಿಡುತ್ತದೆ. ನೆಲದಿಂದ 8 ಅಡಿವರೆಗಿನ ಬುಡದ ತುಂಡೇ ಅಪಾಯದ್ದು. ಕೈಯಲ್ಲಿ ಹಿಡಿಯುವ ಮೆಟಲ್ ಡಿಟೆಕ್ಟರ್ ಒಂದು ಬ್ಲೇಡ್ ಉಳಿಸಿದರೂ ಅದರ ಖರ್ಚು ಹುಟ್ಟಿದಂತೆ. ದಿಮ್ಮಿಯ ತುದಿಯಲ್ಲಿ ನೀಲಿ ಮಿಶ್ರಿತ ಕಪ್ಪು ಗೆರೆ ಕಂಡರೆ ಆ ಗೆರೆಯ ಉದ್ದಕ್ಕೂ ಎಲ್ಲೋ ಒಂದು ಮೊಳೆ ಕೊಳೆಯುತ್ತಿದೆ ಎಂದರ್ಥ. ತೊಗಟೆ ಕಿತ್ತು, ಬ್ರಷ್ ಹಾಕಿ ಮಣ್ಣು ತೆಗೆದ ಮೇಲೆಯೇ ಟ್ರಾಲಿಗೆ ಏರಿಸಿ. ತೊಗಟೆಯಲ್ಲಿ ಅಂಟಿದ ಮರಳು ಹಲ್ಲಿನ ಮೊನೆಯನ್ನು ಮೊಳೆಗಿಂತ ಸದ್ದಿಲ್ಲದೆ ತಿನ್ನುತ್ತದೆ.

ಅಳತೆಯಲ್ಲಿ ಮೋಸ ಹೋಗದಿರಲು ಲೆಕ್ಕ ಗೊತ್ತಿರಲಿ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯಂಥ ಕಡೆ ವ್ಯವಹಾರ ಘನ ಅಡಿಯಲ್ಲಿ, ಅಂದರೆ ಸಿಎಫ್‌ಟಿಯಲ್ಲೇ. ದಿಮ್ಮಿಯ ನಡುವಿನ ಸುತ್ತಳತೆಯನ್ನು ಇಂಚಿನಲ್ಲಿ ಹಿಡಿದು, ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದ ಅಡಿಯಿಂದ ಗುಣಿಸಿ, 144ರಿಂದ ಭಾಗಿಸಿ. ಸುತ್ತಳತೆ 48 ಇಂಚು, ಉದ್ದ 8 ಅಡಿ ಇದ್ದರೆ 12 ಗುಣಿಲೆ 12 ಗುಣಿಲೆ 8 ಭಾಗಿಲೆ 144, ಅಂದರೆ 8 ಸಿಎಫ್‌ಟಿ. ನಿಜವಾದ ಗಾತ್ರ 10.2 ಸಿಎಫ್‌ಟಿ. ಹೊರಚಕ್ಕೆ ಹೋಗುತ್ತದೆಂದು ಈ ಲೆಕ್ಕವೇ ಸುಮಾರು ಶೇ. 21 ಬಿಟ್ಟುಕೊಟ್ಟಿರುತ್ತದೆ. ನೇರವಾದ ದಿಮ್ಮಿಯಿಂದ 5ರಿಂದ 5.5 ಸಿಎಫ್‌ಟಿ ಹಲಗೆ ಬಂದರೆ ಕೊಯ್ತ ಚೆನ್ನಾಗಿದೆ. 4.5ಕ್ಕಿಂತ ಕೆಳಗಿಳಿದರೆ ದಿಮ್ಮಿ ಸೊಟ್ಟ, ಇಲ್ಲವೇ ಬ್ಲೇಡ್ ಮೊಂಡು.

ಯಾವ ಮರ, ಯಾವ ಗುಣ

ಮಳೆಮರ ಕುಗ್ಗುವುದು ಕಡಿಮೆ, ಆದ್ದರಿಂದಲೇ ದಪ್ಪ ಸ್ಲ್ಯಾಬ್ ಟೇಬಲ್‌ಗೆ ಅದು ಒಗ್ಗುತ್ತದೆ. ಆದರೆ ನಾರು ಅಡ್ಡಡ್ಡ ಹೆಣೆದುಕೊಂಡಿರುವುದರಿಂದ ಬ್ಲೇಡ್ ಅಲೆಯುತ್ತದೆ, ಬಿಳಿಭಾಗಕ್ಕೆ ಕುಟ್ಟೆ ಖಂಡಿತ. ಸಿಲ್ವರ್ ಓಕ್ ಹಲಗೆಯನ್ನು ಬಳೆಗಳಿಗೆ (ದಿಮ್ಮಿಯ ತುದಿಯಲ್ಲಿ ಕಾಣುವ ಬೆಳವಣಿಗೆಯ ಉಂಗುರಗಳಿಗೆ) ಲಂಬವಾಗಿ ಕೊಯ್ದರೆ ಮಿನುಗುವ ಚಿತ್ತಾರ ಬರುತ್ತದೆ, ಬಳೆಗಳ ಗುಂಟ ಕೊಯ್ದರೆ ಸಾಧಾರಣ ಮರ. ಅದರ ಹೊಟ್ಟು ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ. ಹಲಸು, ಸಾಗುವಾನಿ ಎರಡೂ ಸಭ್ಯ ಮರಗಳು, ಒಣಗುವಾಗ ಕಾಡುವುದಿಲ್ಲ. ಸಾಗುವಾನಿಯಲ್ಲಿರುವ ಸಿಲಿಕಾ ಮಾತ್ರ ಹಲ್ಲನ್ನು ಬೇಗ ಮೊಂಡು ಮಾಡುತ್ತದೆ. ಹೊನ್ನೆ ಒದ್ದೆಯಾದರೆ ಹಳದಿ ಕೆಂಪು ಬಣ್ಣ ಬಿಟ್ಟು ಪಕ್ಕದ ಹಲಗೆಗೂ ಗೋಡೆಗೂ ಕಲೆ ಮಾಡುತ್ತದೆ. ಮತ್ತಿ, ಹುಣಸೆ, ನೀಲಗಿರಿ, ಜಾಲಿ ಹಠಮಾರಿಗಳು. ಭಾರತೀಯ ಮಾನಕ ಐಎಸ್ 1141 ಮರಗಳನ್ನು ಒಣಗಿಸುವ ಕಷ್ಟದ ಮೇಲೆ ಎ, ಬಿ, ಸಿ ಎಂದು ಮೂರು ವರ್ಗ ಮಾಡಿದೆ. ಎ ಅತಿ ಕಷ್ಟದ್ದು. ತುಂಡು ಯಾವ ಮರದ್ದೆಂದೇ ತಿಳಿಯದಿದ್ದರೆ ಮಲ್ಲೇಶ್ವರದ 18ನೇ ಕ್ರಾಸಿನಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಗುರುತು ಹಿಡಿಸಿಕೊಳ್ಳಬಹುದು. ಊಹೆಯ ಮೇಲೆ ಒಣಗಿಸಬೇಡಿ.

ಕೊಯ್ತ

ಬ್ಯಾಂಡ್ ಬ್ಲೇಡಿನ ದಪ್ಪ ಚಕ್ರದ ವ್ಯಾಸದ ಸಾವಿರದಲ್ಲೊಂದು ಭಾಗ ಇರಬೇಕೆಂಬುದು ಹಳೆಯ, ಈಗಲೂ ಸರಿಯಾದ ಸೂತ್ರ. 36 ಇಂಚಿನ ಚಕ್ರಕ್ಕೆ 0.9 ಮಿ.ಮೀ. ಇದಕ್ಕಿಂತ ದಪ್ಪದ್ದು ಹಾಕಿದರೆ ಬ್ಲೇಡ್ ಪ್ರತಿ ಸುತ್ತಿನಲ್ಲೂ ಹೆಚ್ಚು ಬಳಲಿ, ಹಲ್ಲಿನ ಬುಡದಲ್ಲಿ ಕೂದಲೆಳೆಯ ಬಿರುಕು ಕಾಣಿಸಿಕೊಳ್ಳುತ್ತದೆ. ಬ್ಲೇಡ್ ಅಡ್ಡಲಾಗಿ ಓಡುವ ಸಣ್ಣ ಮಿಲ್ಲುಗಳಲ್ಲಿ 32ರಿಂದ 38 ಮಿ.ಮೀ. ಅಗಲದ ಬ್ಲೇಡ್ ಬಳಕೆಯಲ್ಲಿದೆ. ಗಟ್ಟಿಮರಕ್ಕೆ ಹಲ್ಲಿನ ಬಾಗು (ಹಲ್ಲಿನ ಮುಖ ಮುಂದಕ್ಕೆ ವಾಲಿದ ಕೋನ) 4ರಿಂದ 7 ಡಿಗ್ರಿ, ಹಲ್ಲಿನಿಂದ ಹಲ್ಲಿಗೆ 22 ಮಿ.ಮೀ., ಪ್ರತಿ ಬದಿಗೆ ಸುಮಾರು 0.45 ಮಿ.ಮೀ. ಸೆಟ್ (ಹಲ್ಲನ್ನು ಪಕ್ಕಕ್ಕೆ ಬಗ್ಗಿಸುವ ಅಳತೆ) ಸಾಕು. 10 ಡಿಗ್ರಿ ಬಾಗು ಮಾವು, ಸಿಲ್ವರ್ ಓಕ್‌ಗೆ ಸರಿ; ಹುಣಸೆಗೆ ಹಾಕಿದರೆ ಗಂಟು ಸಿಕ್ಕಲ್ಲಿ ಬ್ಲೇಡ್ ಮುಳುಗುತ್ತದೆ.

ಕೊಯ್ತ ಕೆಟ್ಟಾಗ ಹಲಗೆಯೇ ಕಾರಣ ಹೇಳುತ್ತದೆ. ಮೈ ಅಲೆಅಲೆಯಾಗಿದ್ದರೆ ಹಲ್ಲು ಮೊಂಡಾಗಿದೆ ಅಥವಾ ಟ್ರಾಲಿ ಅತಿ ವೇಗ. ಪ್ರತಿ ಹಲಗೆಯೂ ಒಂದೇ ಕಡೆಗೆ ಎಳೆದರೆ ಆ ಬದಿಯ ಸೆಟ್ ಹೆಚ್ಚಾಗಿದೆ. ಬ್ಲೇಡ್ ಯಾವಾಗಲೂ ಸೆಟ್ ಹೆಚ್ಚಿರುವ ಕಡೆಗೇ ನಡೆಯುತ್ತದೆ. ಹೊಟ್ಟು ಹಲಗೆಗೆ ಮೆತ್ತಿಕೊಂಡಿದ್ದರೆ ಸೆಟ್ ಸಾಲದು. ಹೊಟ್ಟು ಹಿಟ್ಟಿನಂತೆ ನುಣ್ಣಗಿದ್ದು ಬಿಸಿಯಾಗಿದ್ದರೆ ಹಲ್ಲು ಕಡಿಯುತ್ತಿಲ್ಲ, ಉಜ್ಜುತ್ತಿದೆ. ಸಣ್ಣ ಬ್ಲೇಡನ್ನು ಗಟ್ಟಿಮರದಲ್ಲಿ ಒಂದೂವರೆ ಗಂಟೆಗೊಮ್ಮೆ ಬದಲಿಸಿ. ಮೊಂಡಾಗುವವರೆಗೆ ಓಡಿಸಿದವರು ಮರವನ್ನೂ ಬ್ಲೇಡನ್ನೂ ಕಳೆದುಕೊಳ್ಳುತ್ತಾರೆ. ನೀರಿಗೆ ಸ್ವಲ್ಪ ಪಾತ್ರೆ ತೊಳೆಯುವ ದ್ರಾವಣ ಬೆರೆಸಿ ಹನಿಹನಿಯಾಗಿ ಬಿಟ್ಟರೆ ಅಂಟು ಹಿಡಿಯುವುದಿಲ್ಲ. ಸಂಜೆ ಮಿಲ್ ನಿಲ್ಲಿಸಿದಾಗ ಬ್ಲೇಡಿನ ಬಿಗಿ ಸಡಿಲಿಸಿ.

ವೃತ್ತ ಗರಗಸ ಒಂದು ಕೊಯ್ತಕ್ಕೆ 5 ಮಿ.ಮೀ. ಹೊಟ್ಟು ಮಾಡುತ್ತದೆ, ಬ್ಯಾಂಡ್ ಸಾ 2ರಿಂದ 2.5. ಹತ್ತು ಕೊಯ್ತಕ್ಕೆ ಒಂದು ಇಂಚು ಹಲಗೆಯ ವ್ಯತ್ಯಾಸ. ಬೆಲೆ ಬಾಳುವ ದಿಮ್ಮಿಗೆ ಯಾವುದು ಎಂದು ಬೇರೆ ಹೇಳಬೇಕಾಗಿಲ್ಲ.

ಈಗ ಕೊಯ್ಯುವ ವಿಧಾನ. ಮರ ಬಳೆಗಳ ಉದ್ದಕ್ಕೆ ಕುಗ್ಗುವುದು, ನಡುವಿನಿಂದ ಹೊರಕ್ಕೆ ಕುಗ್ಗುವುದರ ಸುಮಾರು ಎರಡು ಪಟ್ಟು. ಹಲಗೆ ದೋಣಿಯಾಗುವುದು, ಚೌಕ ತುಂಡು ವಜ್ರಾಕಾರಕ್ಕೆ ತಿರುಗುವುದು, ಎಲ್ಲದರ ಮೂಲ ಇದೇ. ಸುಮ್ಮನೆ ಒಂದರ ಮೇಲೊಂದು ಸೀಳುತ್ತ ಹೋದರೆ ಅಗಲವಾದ ಹಲಗೆ ಸಿಗುತ್ತದೆ, ಆದರೆ ಅಂಚಿನವು ತೊಗಟೆಯ ಕಡೆಗೆ ಬಾಗುತ್ತವೆ. ದಿಮ್ಮಿಯನ್ನು ನಾಲ್ಕು ಭಾಗ ಮಾಡಿ, ಬಳೆಗಳು ಹಲಗೆಯ ಮೈಗೆ 60ರಿಂದ 90 ಡಿಗ್ರಿ ಬರುವಂತೆ ಕೊಯ್ದರೆ ಹಲಗೆ ನೇರ ನಿಲ್ಲುತ್ತದೆ, ಆದರೆ ಒಣಗಲು ನಿಧಾನ, ಹೊರಚಕ್ಕೆಯೂ ಹೆಚ್ಚು. ಸುತ್ತಳತೆ 4 ಅಡಿಗಿಂತ ಕಡಿಮೆಯ ದಿಮ್ಮಿಗೆ ಈ ಸಾಹಸ ಬೇಡ.

ನಟ್ಟನಡುವಿನ ತಿರುಳು ಇರುವ ಹಲಗೆ ಸೀಳುತ್ತದೆ. ಇದಕ್ಕೆ ಅಪವಾದ ನಿರೀಕ್ಷಿಸಬೇಡಿ. ತಿರುಳನ್ನು 3 ಅಥವಾ 4 ಇಂಚಿನ ಚೌಕದೊಳಗೆ ಕೂಡಿಹಾಕಿ ಕಂಬಕ್ಕೆ ಬಿಡಿ. ಇಲ್ಲವೇ ನಡುವಿನ ಹಲಗೆಯನ್ನು ಉದ್ದಕ್ಕೆ ಸೀಳಿ ತಿರುಳು ತೆಗೆದುಹಾಕಿ. ಮರದ ಸಹಜ ಅಂಚನ್ನು ಹಾಗೇ ಬಿಟ್ಟ ಲೈವ್ ಎಡ್ಜ್ ಸ್ಲ್ಯಾಬಿನಲ್ಲಿ ತಿರುಳು ಉಳಿಸಿಕೊಂಡು, ಆಮೇಲೆ ಬಿರುಕಿಗೆ ಎಪಾಕ್ಸಿ ಸುರಿಯುವುದು ಈಚಿನ ಫ್ಯಾಷನ್. ನೋಡಲು ಚೆನ್ನ, ಆದರೆ ಅದು ಒಣಗಿಸುವ ವಿದ್ಯೆಯಲ್ಲ.

ನೀಲಗಿರಿಯ ದಿಮ್ಮಿಯೊಳಗೆ ಬೆಳೆಯುವಾಗಲೇ ಸೇರಿದ ಬಿಗಿ ಇರುತ್ತದೆ: ಹೊರಪದರ ಎಳೆತದಲ್ಲಿ, ಒಳಭಾಗ ಒತ್ತಡದಲ್ಲಿ. ಒಂದೇ ಬದಿಯಿಂದ ಕೊಯ್ಯುತ್ತ ಹೋದರೆ ಉಳಿದ ತುಂಡು ಬಿಲ್ಲಾಗುತ್ತದೆ. ಒಂದು ಬದಿಯಿಂದ ಎರಡು ಹಲಗೆ, ದಿಮ್ಮಿ ಮಗುಚಿ ಎದುರು ಬದಿಯಿಂದ ಎರಡು ಹಲಗೆ, ಹೀಗೆ ಸಮಸಮವಾಗಿ ಬಿಗಿ ಬಿಡಿಸಬೇಕು.

ದಪ್ಪದಲ್ಲಿ ಜಿಪುಣತನ ಬೇಡ. ರಂದ ಹೊಡೆದ ಮೇಲೆ 25 ಮಿ.ಮೀ. ಬೇಕಿದ್ದರೆ 30 ಕೊಯ್ಯಿರಿ, 50 ಬೇಕಿದ್ದರೆ 57. ಅಗಲಕ್ಕೆ ಶೇ. 8ರಿಂದ 10 ಹೆಚ್ಚು. ಒಂದೇ ಹಲಗೆಯ ದಪ್ಪ ತುದಿಯಿಂದ ತುದಿಗೆ 2 ಮಿ.ಮೀ.ಗಿಂತ ಹೆಚ್ಚು ಬದಲಾದರೆ ಒಣಗಲು ಪೇರಿಸಿದ ಅಟ್ಟಿಯಲ್ಲಿ ಭಾರ ಸಮನಾಗಿ ಕೂರುವುದಿಲ್ಲ. ಹೊಟ್ಟಿನ ನಡುವೆ ಕೆಲಸ ಮಾಡುವವರಿಗೆ ಎನ್95 ಮಾಸ್ಕ್ ಕಡ್ಡಾಯ. ಗಟ್ಟಿಮರದ ಧೂಳು ಮೂಗಿನ ಕ್ಯಾನ್ಸರ್ ತರುತ್ತದೆಂಬುದು ಸಾಬೀತಾದ ವಿಷಯ, ಬಾಯಿಗೆ ಟವೆಲ್ ಸುತ್ತಿಕೊಂಡರೆ ಸಾಲದು.

ಅಟ್ಟಿ ಹಾಕುವುದು

ಕೊಯ್ದ ದಿನವೇ ಅಟ್ಟಿ ಹಾಕಿ. ಹಸಿ ಹಲಗೆಗಳನ್ನು ಒಂದಕ್ಕೊಂದು ಅಂಟಿಸಿ ರಾತ್ರಿ ಬಿಟ್ಟರೆ ಬಿಳಿಭಾಗ ನೀಲಿಗಟ್ಟಲು ಶುರುವಾಗುತ್ತದೆ.

ಬೆಂಗಳೂರಿನಲ್ಲಿ ಗಾಳಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣದಿಂದ, ನವೆಂಬರ್‌ನಿಂದ ಫೆಬ್ರವರಿವರೆಗೆ ಮೂಡಣದಿಂದ ಬೀಸುತ್ತದೆ. ಗಾಳಿ ಹರಿಯುವುದು ಹಲಗೆಯ ಸಾಲುಗಳ ನಡುವೆ ಇಡುವ ಅಡ್ಡಪಟ್ಟಿಗಳ ನಡುವಿನ ಸಂದಿಯಲ್ಲಿ. ಆದ್ದರಿಂದ ಹಲಗೆಯ ಉದ್ದ ಉತ್ತರ ದಕ್ಷಿಣಕ್ಕೆ, ಅಡ್ಡಪಟ್ಟಿ ಪೂರ್ವ ಪಶ್ಚಿಮಕ್ಕೆ ಇರಲಿ. ಎರಡೂ ಕಾಲದ ಗಾಳಿ ಅಟ್ಟಿಯೊಳಗೆ ನುಗ್ಗುತ್ತದೆ. ಪಶ್ಚಿಮ ಬದಿಗೆ ಸಂಜೆ ಬಿಸಿಲು ಬೀಳುವುದರಿಂದ ಅಲ್ಲಿ ಶೇ. 75ರ ನೆರಳು ಬಲೆ ಕಟ್ಟಿ.

ನೆಲದಿಂದ ಕನಿಷ್ಠ 16 ಇಂಚು ಎತ್ತರಕ್ಕೆ ಕಾಂಕ್ರೀಟ್ ಬ್ಲಾಕ್ ಇಟ್ಟು, ಮೇಲೆ 4 ಇಂಚಿನ ತೊಲೆ ಹಾಯಿಸಿ, ನೂಲು ಹಿಡಿದು ಮಟ್ಟ ಮಾಡಿ. ತಳ ಸೊಟ್ಟಗಿದ್ದರೆ ಅಟ್ಟಿಯ ಅಷ್ಟೂ ಹಲಗೆ ಅದೇ ಸೊಟ್ಟವನ್ನು ಕಲಿಯುತ್ತದೆ. ಅಡ್ಡಪಟ್ಟಿ ಒಣಗಿದ ಮರದ್ದಾಗಿರಲಿ, ಒಂದು ಇಂಚಿನ ಚೌಕ, ಎಲ್ಲವೂ ಒಂದೇ ದಪ್ಪ. ಹಸಿ ಪಟ್ಟಿ ಇಟ್ಟರೆ ಅದರ ಕೆಳಗೆ ಕಪ್ಪು ಗೆರೆ ಉಳಿಯುತ್ತದೆ, ರಂದ ಹೊಡೆದರೂ ಹೋಗುವುದು ಅನುಮಾನ. ಸಾಗುವಾನಿ, ಹಲಸಿಗೆ 2 ಅಡಿಗೊಂದು, ಹಾಗಾಗಿ 8 ಅಡಿ ಹಲಗೆಗೆ 5 ಪಟ್ಟಿ. ಮತ್ತಿ, ನೀಲಗಿರಿಗೆ 16 ಇಂಚಿಗೊಂದು, ಅಂದರೆ 7. ಮೊದಲ ಮತ್ತು ಕೊನೆಯ ಪಟ್ಟಿ ಹಲಗೆಯ ತುದಿಗೆ ಸಮನಾಗಿರಬೇಕು. ಮೇಲಿನ ಪಟ್ಟಿ ಕೆಳಗಿನ ಪಟ್ಟಿಯ ನೇರಕ್ಕೆ, ಅದು ತೊಲೆಯ ನೇರಕ್ಕೆ. ಒಂದು ಪಟ್ಟಿ ಪಕ್ಕಕ್ಕೆ ಸರಿದರೆ ಅಲ್ಲಿ ಹಲಗೆ ಜೋತುಬಿದ್ದು ಹಾಗೆಯೇ ಒಣಗುತ್ತದೆ. ಅಗಲ 4 ಅಡಿ ಮೀರಿದರೆ ನಡುವಿನ ಹಲಗೆಗಳಿಗೆ ಗಾಳಿ ಮುಟ್ಟದು.

ಮೇಲೆ ಚದರ ಅಡಿಗೆ 20ರಿಂದ 25 ಕೆ.ಜಿ. ಭಾರ ಬೇಕು. 4 ಅಡಿ ಅಗಲ, 8 ಅಡಿ ಉದ್ದದ ಅಟ್ಟಿಗೆ 8 ಇಂಚಿನ ಸಾಲಿಡ್ ಬ್ಲಾಕ್ 20ರಿಂದ 25. ಭಾರವಿಲ್ಲದ ಅಟ್ಟಿಯಲ್ಲಿ ಮೇಲಿನ ಮೂರು ಸಾಲು ಸೌದೆಗೆ ಎಂದುಕೊಳ್ಳಿ. ಮತ್ತಿ, ಜಾಲಿ, ನೀಲಗಿರಿಯ ಹಸಿ ಮೈಗೆ ಕಬ್ಬಿಣ ತಾಗಿಸಬೇಡಿ. ಟ್ಯಾನಿನ್ ಮತ್ತು ಕಬ್ಬಿಣ ಸೇರಿದರೆ ಶಾಯಿಯಂಥ ಕಲೆ. ಬಿದ್ದಿದ್ದರೆ ಆಕ್ಸಾಲಿಕ್ ಆಸಿಡ್ ದ್ರಾವಣದಿಂದ ತೊಳೆದರೆ ಹೆಚ್ಚಿನಂಶ ಹೋಗುತ್ತದೆ. ಅದು ವಿಷ, ಕೈಗವಸು ಹಾಕಿಕೊಳ್ಳಿ.

ತಿಂಗಳ ಲೆಕ್ಕ

ಮರದ ಒಳತೇವ (ಒಣತೂಕಕ್ಕೆ ಹೋಲಿಸಿದ ನೀರಿನ ಪ್ರಮಾಣ) ಗಾಳಿಯ ತೇವಾಂಶವನ್ನು ಹಿಂಬಾಲಿಸುತ್ತದೆ. ಗಾಳಿ ಶೇ. 80 ಇದ್ದರೆ ಮರ ಸುಮಾರು ಶೇ. 16ಕ್ಕೆ ನಿಲ್ಲುತ್ತದೆ, 65 ಇದ್ದರೆ 12ಕ್ಕೆ, 30 ಇದ್ದರೆ 6ಕ್ಕೆ. ಮರ ಶೇ. 30ರ ಆಸುಪಾಸಿಗೆ ಇಳಿಯುವವರೆಗೆ ಕುಗ್ಗುವುದಿಲ್ಲ, ಆದರೆ ಹೊರಮೈ ಮೊದಲು ಅಲ್ಲಿಗೆ ಇಳಿದು, ಒಳಗಿನದು ಇನ್ನೂ ಹಸಿ ಇದ್ದಾಗಲೇ ಮೈ ಬಿರಿಯುವುದು. ಹಾಗಾಗಿ ಮೊದಲ ಎರಡು ಮೂರು ವಾರ ಕಾಯುವುದೇ ದೊಡ್ಡ ಕೆಲಸ.

ನವೆಂಬರ್ ನಡುವಿನಿಂದ ಜನವರಿವರೆಗೆ ಸಾಗುವಾನಿ, ಹಲಸು, ಮಳೆಮರ, ಸಿಲ್ವರ್ ಓಕ್, ಎಲ್ಲಕ್ಕೂ ಸುಗ್ಗಿ. ಹಿಂಗಾರು ಮಳೆ ಬಹುಮಟ್ಟಿಗೆ ಮುಗಿದಿರುತ್ತದೆ, ಬಿಸಿಲು ಹದವಾಗಿರುತ್ತದೆ. ಆಗ ಅಟ್ಟಿ ಹಾಕಿದ ಒಂದು ಇಂಚಿನ ಸಾಗುವಾನಿ ಮೂರು ನಾಲ್ಕು ತಿಂಗಳಲ್ಲಿ ಶೇ. 12–14ಕ್ಕೆ ಬರುತ್ತದೆ. ದಪ್ಪ ಎರಡು ಪಟ್ಟಾದರೆ ಸಮಯ ಮೂರು ಪಟ್ಟು ಅಥವಾ ಹೆಚ್ಚು. 3 ಇಂಚಿನ ಮಳೆಮರದ ಸ್ಲ್ಯಾಬಿಗೆ ಒಂದೂವರೆ ವರ್ಷಕ್ಕಿಂತ ಕಡಿಮೆ ಎಣಿಸಬೇಡಿ, ಗಿರಾಕಿ ಎಷ್ಟೇ ಫೋನ್ ಮಾಡಲಿ.

ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಹಠಮಾರಿ ಮರಗಳನ್ನು ಕೊಯ್ಯಬೇಡಿ. ದಿಮ್ಮಿಗಳನ್ನು ನೆರಳಲ್ಲಿಟ್ಟು, ಗೋಣಿ ಹೊದಿಸಿ, ದಿನಕ್ಕೆರಡು ಸಲ ನೀರು ಚಿಮುಕಿಸಿ ಕಾಯಿರಿ. ಕೊಯ್ಯಲೇಬೇಕಾದರೆ ಅಟ್ಟಿಯ ನಾಲ್ಕೂ ಬದಿಗೆ ಗೋಣಿ ಪರದೆ ಇಳಿಬಿಟ್ಟು, ಮೊದಲ ಹದಿನೈದು ದಿನ ಬೆಳಿಗ್ಗೆ ಮಾತ್ರ ತೆರೆಯಿರಿ.

ಏಪ್ರಿಲ್ ಮೇ ತಿಂಗಳ ಬಿರುಗಾಳಿ ಮಳೆಗೆ ಊರಲ್ಲಿ ಮರಗಳು ಉರುಳುತ್ತವೆ, ಮಿಲ್ಲಿಗೆ ಮಾಲು ಬರುವುದೂ ಆಗಲೇ. ಜೂನ್‌ನಲ್ಲಿ ಮತ್ತಿ, ಹುಣಸೆ, ನೀಲಗಿರಿ ಕೊಯ್ಯಿರಿ. ತೇವದ ಗಾಳಿ ಇವನ್ನು ನಿಧಾನವಾಗಿ ಶೇ. 20ರ ಹತ್ತಿರಕ್ಕೆ ಇಳಿಸುತ್ತದೆ, ಆಮೇಲಿನ ಬೇಸಿಗೆ ಇವನ್ನು ಏನೂ ಮಾಡಲಾರದು. ಮಾವು, ಮಳೆಮರ, ಸಿಲ್ವರ್ ಓಕ್ ಮಳೆಗಾಲದಲ್ಲೇ ಕೊಯ್ಯಬೇಕಾಗಿ ಬಂದರೆ 100 ಲೀಟರ್ ಬೆಚ್ಚಗಿನ ನೀರಿಗೆ 3 ಕೆ.ಜಿ. ಬೋರಾಕ್ಸ್, 2 ಕೆ.ಜಿ. ಬೋರಿಕ್ ಆಸಿಡ್ ಕರಗಿಸಿ, ಹಲಗೆಗಳನ್ನು ಎರಡು ಮೂರು ನಿಮಿಷ ಮುಳುಗಿಸಿ ಅಟ್ಟಿ ಹಾಕಿ. ಇದು ಕುಟ್ಟೆಗೆ ಮದ್ದು. ನೀಲಿಗಟ್ಟುವುದನ್ನು ಪೂರ್ತಿ ತಡೆಯದು, ಅದಕ್ಕೆ ಗಾಳಿಯೇ ಬೇಕು. ಮಳೆಗೆ ಒಡ್ಡಿದರೆ ಬೋರಾಕ್ಸ್ ತೊಳೆದುಹೋಗುತ್ತದೆ, ಹಾಗಾಗಿ ಒಳಾಂಗಣದ ಮರಕ್ಕೆ ಮಾತ್ರ.

ಒಣಗಿತೋ ಇಲ್ಲವೋ

ಮರಕ್ಕೆ ಚುಚ್ಚಿ ತೇವ ಅಳೆಯುವ ಪಿನ್ ಮೀಟರ್ ಶೇ. 30ರ ಮೇಲೆ ಹೇಳುವುದನ್ನು ನಂಬಬೇಡಿ. ಪಿನ್ ಹಲಗೆಯ ದಪ್ಪದ ನಾಲ್ಕನೇ ಒಂದು ಭಾಗದಷ್ಟು ಒಳಗೆ ಇಳಿದರೆ ಮಾತ್ರ ಸರಾಸರಿ ಸಿಗುತ್ತದೆ. ಮೇಲ್ಮೈ ಚುಚ್ಚಿ ಶೇ. 11 ಎಂದು ಮಾರಿದ ಹಲಗೆಯ ಒಳಗೆ 18 ಇರಬಹುದು. ಖಾತ್ರಿ ಬೇಕಾದರೆ ಓವನ್ ಪರೀಕ್ಷೆ: ತುದಿಯಿಂದ ಒಂದು ಅಡಿ ಬಿಟ್ಟು ಒಂದು ಇಂಚಿನ ಅಡ್ಡತುಂಡು ತೆಗೆದು ತೂಗಿ, 103 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗಿ. 84 ಗ್ರಾಂ 70ಕ್ಕೆ ಇಳಿದರೆ ಹೋದ 14ನ್ನು 70ರಿಂದ ಭಾಗಿಸಿ: ಶೇ. 20.

ಇದಕ್ಕಿಂತ ಉಪಯುಕ್ತವಾದದ್ದು ಅಟ್ಟಿಯಲ್ಲಿ ಎಳೆದು ತೆಗೆಯಬಹುದಾದ ಮೂರು ಮಾದರಿ ಹಲಗೆ. ಅಟ್ಟಿ ಹಾಕುವ ದಿನ ಮಾದರಿ 12 ಕೆ.ಜಿ. ತೂಗಿ, ಪರೀಕ್ಷೆಯಲ್ಲಿ ತೇವ ಶೇ. 60 ಬಂದಿದ್ದರೆ ಅದರ ಒಣತೂಕ 7.5 ಕೆ.ಜಿ. ಮುಂದೆ ವಾರಕ್ಕೊಮ್ಮೆ ತೂಗಿದರೆ ಸಾಕು: 9 ಕೆ.ಜಿ. ಆದಾಗ ಶೇ. 20, 8.4 ಆದಾಗ ಶೇ. 12.

ಬಾಗಿಲು, ಪೀಠೋಪಕರಣಕ್ಕೆ ಶೇ. 10ರಿಂದ 12, ದಿನವಿಡೀ ಎಸಿ ಓಡುವ ಕಚೇರಿಗೆ 8ರಿಂದ 10. ಮಾರ್ಚ್‌ನ ಒಣಹವೆಯಲ್ಲಿ ಶೇ. 7ಕ್ಕೆ ಇಳಿದ ಹಲಗೆಯಿಂದ ಬಿಗಿಯಾಗಿ ಮಾಡಿದ ಬಾಗಿಲು ಜುಲೈನಲ್ಲಿ ಚೌಕಟ್ಟಿಗೆ ಕಚ್ಚುವುದು ಸಹಜ, ಆಗ ಬಡಗಿಯನ್ನು ದೂರಿ ಫಲವಿಲ್ಲ.

ಶೆಡ್ಡಿನಿಂದ ಕಿಲ್ನ್‌ಗೆ

ಹೊರಗೆ ಶೇ. 20–25ಕ್ಕೆ ತಂದು, ಉಳಿದದ್ದನ್ನು ಬಿಸಿಗಾಳಿಯಿಂದ ಒಣಗಿಸುವ ಕೋಣೆಯಾದ ಕಿಲ್ನ್‌ನಲ್ಲಿ ಮುಗಿಸುವುದು ಸಣ್ಣ ಮಿಲ್ಲಿಗೆ ಲಾಭದ ದಾರಿ. ಹಠಮಾರಿ ಮರಕ್ಕೆ 40–42 ಡಿಗ್ರಿಯಿಂದ, ಒಳಗಿನ ಗಾಳಿಯ ತೇವಾಂಶ ಶೇ. 80ರ ಮೇಲಿಟ್ಟು ಶುರುಮಾಡಿ, ಕೊನೆಗೆ 60 ಡಿಗ್ರಿಗೆ ಏರಿಸಿ. ಅಟ್ಟಿಯೊಳಗೆ ಗಾಳಿ ಸೆಕೆಂಡಿಗೆ 1ರಿಂದ 1.5 ಮೀಟರ್ ಹರಿಯಬೇಕು. ಹಲಗೆಯ ನಡುಭಾಗ 56 ಡಿಗ್ರಿಯಲ್ಲಿ ಅರ್ಧ ಗಂಟೆ ನಿಂತರೆ ಅಂತಾರಾಷ್ಟ್ರೀಯ ಪ್ಯಾಕಿಂಗ್ ಮರದ ನಿಯಮಕ್ಕೆ ಸಾಕು. ಕುಟ್ಟೆ ಹತ್ತಿದ ಸ್ಲ್ಯಾಬಿಗೆ ಇನ್ನೂ ಕೆಲವು ಗಂಟೆ ಬಿಡಿ.

ಹಣ ಕಡಿಮೆಯಿದ್ದರೆ ಸೋಲಾರ್ ಕಿಲ್ನ್. ದಕ್ಷಿಣಕ್ಕೆ ಮುಖಮಾಡಿದ ಪಾಲಿಕಾರ್ಬೊನೇಟ್ ಇಳಿಜಾರು ಛಾವಣಿ, ಕೆಳಗೆ ಕಪ್ಪು ಬಳಿದ ತಗಡು, ಹಗಲು ಮಾತ್ರ ಓಡುವ ಫ್ಯಾನ್. ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿದೆ. ಅದಕ್ಕಿಂತ ಸ್ವಲ್ಪ ಕಡಿದಾದ ಇಳಿಜಾರು ಕೊಟ್ಟರೆ ಚಳಿಗಾಲದ ಬಿಸಿಲೂ ಸಿಗುತ್ತದೆ, ಮಳೆ ನೀರೂ ನಿಲ್ಲದು. ಗಟ್ಟಿಮರಕ್ಕೆ ಪ್ರತಿ 80 ಸಿಎಫ್‌ಟಿಗೆ 100 ಚದರ ಅಡಿ ಛಾವಣಿಗಿಂತ ಹೆಚ್ಚು ಬೇಡ. ಅರ್ಧ ತುಂಬಿಸಿ ಓಡಿಸಿದರೆ ಅದೇ ಬಿಸಿಲು ಅರ್ಧ ಮರದ ಮೇಲೆ ಬಿದ್ದು ಬಿರಿಸುತ್ತದೆ. ರಾತ್ರಿ ಮುಚ್ಚಿಟ್ಟಾಗ ಒಳಗೆ ತೇವ ಏರಿ ಹಲಗೆಯ ಬಿಗಿ ತಾನೇ ಸಡಿಲಗೊಳ್ಳುವುದು ಇದರ ದೊಡ್ಡ ಅನುಕೂಲ.

ಕಿಲ್ನ್‌ನಿಂದ ತೆಗೆಯುವ ಮುನ್ನ ಬಿಗಿ ಪರೀಕ್ಷಿಸಿ. ಹಲಗೆಯ ನಡುವಿನಿಂದ ಒಂದು ಇಂಚಿನ ಅಡ್ಡತುಂಡು ತೆಗೆದು, ಒಂದು ಬದಿಯಿಂದ ಸೀಳಿ ನಡುಭಾಗ ಕಿತ್ತು ಎರಡು ಕವಲು ಉಳಿಸಿ. ಕವಲುಗಳು ನೇರ ನಿಂತರೆ ಸರಿ. ಒಳಕ್ಕೆ ಬಾಗಿ ಒಂದಕ್ಕೊಂದು ಮುಟ್ಟಿದರೆ ಹೊರಪದರ ಬಿಗಿದುಕೊಂಡಿದೆ. ಆ ಹಲಗೆಯನ್ನು ಉದ್ದಕ್ಕೆ ಸೀಳಿದ ಕ್ಷಣ ಬಿಲ್ಲಾಗುತ್ತದೆ. ಕಿಲ್ನ್ ಒಳಗೆ ಹಬೆ ಅಥವಾ ನೀರಿನ ಸಿಂಪಡಣೆಯಿಂದ ಕೆಲವು ಗಂಟೆ ತೇವ ಏರಿಸಿ, ಮತ್ತೆ ಕವಲು ಕೊಯ್ದು ನೋಡಿ. ಒಳಗೆ ಜೇನುಗೂಡಿನಂಥ ರಂಧ್ರ ಕಂಡರೆ ಮಾತ್ರ ಉಪಾಯವಿಲ್ಲ. ಅದು ಆರಂಭದಲ್ಲೇ ಕಾವು ಹೆಚ್ಚಾದ್ದರ ಫಲ, ಮುಂದಿನ ಲೋಡಿಗೆ ಮೊದಲ ವಾರದ ಕಾವು 3 ಡಿಗ್ರಿ ಇಳಿಸಿ.

ಒಣಗಿದ ಹಲಗೆಗಳನ್ನು ಪಟ್ಟಿ ತೆಗೆದು ಒತ್ತಾಗಿ ಪೇರಿಸಿ, ನೆಲದಿಂದ ಎತ್ತರದಲ್ಲಿ, ಪಾಲಿಥೀನ್ ಸುತ್ತಿ ಇಡಿ. ಮೇಲೆ ಸೀಮೆಸುಣ್ಣದಲ್ಲಿ ಮರದ ಹೆಸರು, ಕೊಯ್ದ ತಿಂಗಳು, ಕೊನೆಯ ತೂಕದ ತೇವ ಬರೆಯಿರಿ. ಮಳೆಗಾಲದಲ್ಲಿ ಸುತ್ತದೆ ಬಿಟ್ಟ ಅಟ್ಟಿ ಎರಡು ಮೂರು ತಿಂಗಳಲ್ಲಿ ಶೇ. 10ರಿಂದ 14ಕ್ಕೆ ಏರಿರುತ್ತದೆ. ಮಾರುವ ದಿನ ಮತ್ತೊಮ್ಮೆ ಅಳೆದು, ಆ ದಿನದ ಸಂಖ್ಯೆಯನ್ನೇ ಬಿಲ್ಲಿನಲ್ಲಿ ಬರೆಯಿರಿ.